ವಾರದ ಕೆಲಸ: ಒಬ್ಬರ ತಲೆಹೊರೆ ಎಲ್ಲರದಾಗಲಿ



'ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ' ಎಂಬುದು ನಮ್ಮ ಹಿರಿಯರ ಗಾದೆ. ಹತ್ತು ಮಂದಿ ಚೂರುಪಾರು ನೀಡಿದರೂ ಇಲ್ಲದವನಿಗೆ ಅದು ದೊಡ್ಡ ಆಸರೆಯಾಗುತ್ತದೆ ಎಂಬ ಅರ್ಥದಲ್ಲಿ ಇದನ್ನು ಬಳಸುತ್ತೇವೆ. ಆದರೆ ಮನೆಯ ಮಟ್ಟಿಗೆ ಈ ಗಾದೆಗೆ ಇನ್ನೊಂದು ಮುಖವೂ ಇದೆ. ಮನೆಯ ಪ್ರತಿಯೊಬ್ಬರೂ ತಮ್ಮ ಕಡ್ಡಿಯನ್ನು ಒಬ್ಬರ ತಲೆಯ ಮೇಲಿಟ್ಟು ನಡೆದರೆ, ಆ ಒಬ್ಬರಿಗೆ ಅದು ಹೊರಲಾರದ ಹೊರೆಯೇ ಆಗುತ್ತದೆ.

ಸಿಲಿಂಡರ್ ಯಾವಾಗ ಬುಕ್ ಮಾಡಬೇಕು, ಕರೆಂಟ್ ಬಿಲ್ಲಿಗೆ ಕಡೆಯ ದಿನ ಯಾವುದು, ತಾತನ ಮಾತ್ರೆ ಎಷ್ಟು ಉಳಿದಿದೆ, ಮಗನ ಶಾಲೆಯಲ್ಲಿ ಪೋಷಕರ ಸಭೆ ಎಂದು, ಭಾನುವಾರದ ಧರ್ಮಬೋಧೆ ತರಗತಿಗೆ ಯಾವ ಪುಸ್ತಕ ಬೇಕು, ಪಕ್ಕದ ಬೀದಿಯ ಮದುವೆಗೆ ಹೋಗುವವರು ಯಾರು? ಇವೆಲ್ಲಕ್ಕೂ ಮನೆಯಲ್ಲಿ ಉತ್ತರ ಬಲ್ಲವರು ಸಾಮಾನ್ಯವಾಗಿ ಒಬ್ಬರೇ. ಬಹುತೇಕ ಮನೆಗಳಲ್ಲಿ ಅವರು ತಾಯಿ. ಆಕೆಗೆ ಜ್ವರ ಬಂದು ಎರಡು ದಿನ ಮಲಗಿದರೆ ಮನೆಯ ವಾರವೇ ಮಲಗಿಬಿಡುತ್ತದೆ.

ಈಗ ಹೆಚ್ಚಿನ ಮನೆಗಳಲ್ಲಿ ಮೊಬೈಲ್ ಫೋನ್ ಇದೆ. ಮನೆಯವರನ್ನು ಒಬ್ಬೊಬ್ಬರನ್ನಾಗಿ ಮೂಲೆ ಸೇರಿಸುವ ಅದೇ ಫೋನನ್ನು, ಎಲ್ಲರನ್ನೂ ಒಂದು ಪಟ್ಟಿಯ ಸುತ್ತ ಕೂರಿಸಲು ಬಳಸಬಹುದೇ? ಬಳಸಬಹುದು. ಅದು ಹೇಗೆಂಬುದೇ ಈ ವಾರದ ಪಾಠ.

ಮೊದಲು ಲೆಕ್ಕ ಮಾಡೋಣ

ಬಡವನಿಗೂ ಬಲ್ಲಿದನಿಗೂ ವಾರಕ್ಕೆ ಸಿಗುವುದು 168 ಗಂಟೆ. ಹೊರಗೆ ದುಡಿಯುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ದಿನಕ್ಕೆ 8 ಗಂಟೆ ನಿದ್ರೆಯೆಂದರೆ ವಾರಕ್ಕೆ 56 ಗಂಟೆ. ಕೆಲಸ, ಬಸ್ ಪ್ರಯಾಣ, ಮಧ್ಯಾಹ್ನದ ಬಿಡುವು ಸೇರಿ ದಿನಕ್ಕೆ 10 ಗಂಟೆಯಂತೆ ಆರು ದಿನಕ್ಕೆ 60. ಸ್ನಾನ, ಉಡುಪು, ಊಟಕ್ಕೆ ದಿನಕ್ಕೆ 2 ಗಂಟೆಯಂತೆ 14. ಇವನ್ನೆಲ್ಲ ಕಳೆದರೆ ಉಳಿಯುವುದು 38 ಗಂಟೆ.

ಇನ್ನು ಮನೆಗೆಲಸ. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಂಕಿಅಂಶ ಕಚೇರಿ 2024ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು ಕೊಡುವುದು 88 ನಿಮಿಷ. ಆ 88 ನಿಮಿಷವೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ ಮಾತ್ರ. ಕೈಯನ್ನೇ ಹಾಕದವರು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಮಕ್ಕಳ ಮತ್ತು ವೃದ್ಧರ ಆರೈಕೆಯನ್ನು ಸಮೀಕ್ಷೆ ಬೇರೆಯಾಗಿಯೇ ಎಣಿಸಿದೆ.

289 ನಿಮಿಷವನ್ನು ಏಳರಿಂದ ಗುಣಿಸಿದರೆ ವಾರಕ್ಕೆ 33 ಗಂಟೆ 43 ನಿಮಿಷ. ನಮ್ಮ ತಾಯಿಗೆ ಉಳಿದಿದ್ದ 38 ಗಂಟೆಯಲ್ಲಿ ಇದನ್ನು ಕಳೆಯಿರಿ. ಉಳಿಯುವುದು 4 ಗಂಟೆ 17 ನಿಮಿಷ! ದಿನಕ್ಕಲ್ಲ, ಇಡೀ ವಾರಕ್ಕೆ. ಭಾನುವಾರದ ಬಲಿಪೂಜೆಗೆ ಹೋಗಿಬರಲು ಎರಡು ಗಂಟೆ ಹಿಡಿದರೆ, ಮಕ್ಕಳೊಂದಿಗೆ ಮಾತು, ಸಂಜೆಯ ಜಪಸರ, ತವರಿನವರಿಗೆ ಒಂದು ಫೋನು, ತನ್ನ ಬೆನ್ನುನೋವಿಗೆ ವೈದ್ಯರ ಭೇಟಿ, ಎಲ್ಲವೂ ಉಳಿದ ಎರಡು ಗಂಟೆಯಲ್ಲಿ ಆಗಬೇಕು. ಆಗುವುದಿಲ್ಲ. ಆಗ ಆಕೆ ನಿದ್ರೆಯನ್ನು ಕಡಿಮೆ ಮಾಡುತ್ತಾಳೆ.

ಅದೇ ಲೆಕ್ಕವನ್ನು ಹೊರಗೆ ಅಷ್ಟೇ ದುಡಿಯುವ ತಂದೆಗೆ ಹಾಕಿ. 88 ನಿಮಿಷವೆಂದರೆ ವಾರಕ್ಕೆ 10 ಗಂಟೆ 16 ನಿಮಿಷ. ಆತನಿಗೆ ಉಳಿಯುವುದು 27 ಗಂಟೆ 44 ನಿಮಿಷ. ಇಬ್ಬರ ನಡುವಿನ ಅಂತರ 23 ಗಂಟೆ 27 ನಿಮಿಷ, ಅಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ದಿನ. ಸಮೀಕ್ಷೆಯ ಸರಾಸರಿಯಲ್ಲಿ ಹೊರಗೆ ದುಡಿಯದ ಗೃಹಿಣಿಯರೂ ಸೇರಿರುವುದರಿಂದ ನಿಮ್ಮ ಮನೆಯ ಲೆಕ್ಕ ಸ್ವಲ್ಪ ಬೇರೆಯಾಗಿರಬಹುದು. ಆದರೂ ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ವಾರವನ್ನು ಯೋಜಿಸುವುದೆಂದರೆ ಗಡಿಬಿಡಿಯನ್ನು ಅಚ್ಚುಕಟ್ಟು ಮಾಡುವುದಷ್ಟೇ ಅಲ್ಲ. ಒಬ್ಬರ ಬಳಿ ಇಲ್ಲದ ಸಮಯ ಮನೆಯಲ್ಲಿ ಇನ್ನಾರ ಬಳಿ ಇದೆ ಎಂದು ಪ್ರಾಮಾಣಿಕವಾಗಿ ನೋಡುವುದೂ ಹೌದು.

ತಲೆಯಿಂದ ಪಟ್ಟಿಗೆ

'ನನಗೆ ಎಲ್ಲ ನೆನಪಿರುತ್ತದೆ, ಬರೆದಿಡುವ ಅಗತ್ಯವಿಲ್ಲ' ಎನ್ನುವವರು ಇದ್ದಾರೆ. ನೆನಪಿರಬಹುದು, ಆದರೆ ನೆನಪಿಟ್ಟುಕೊಳ್ಳುವುದೂ ಒಂದು ದುಡಿಮೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ತೋರಿಸಿತು. ಮುಗಿಯದ ಕೆಲಸಗಳು ಬೇರೆ ಕೆಲಸ ಮಾಡುವಾಗಲೂ ಮನಸ್ಸಿಗೆ ನುಗ್ಗಿ ತೊಂದರೆ ಕೊಡುತ್ತವೆ. ಆದರೆ ಆ ಕೆಲಸವನ್ನು ಯಾವಾಗ, ಹೇಗೆ ಮಾಡುವೆನೆಂದು ಖಚಿತವಾಗಿ ಯೋಜಿಸಿದಾಗ, ಕೆಲಸ ಇನ್ನೂ ಆಗದಿದ್ದರೂ ಮನಸ್ಸಿನ ಕಾಟ ತಗ್ಗುತ್ತದೆ. ಪ್ರಾರ್ಥನೆಗೆ ಕೂತಾಗ ಗ್ಯಾಸ್ ಸಿಲಿಂಡರ್ ನೆನಪಾಗುವುದು ಭಕ್ತಿಯ ಕೊರತೆಯೇ ಆಗಿರಬೇಕಿಲ್ಲ. ಸಿಲಿಂಡರಿನ ಚಿಂತೆಗೆ ಬೇರೆ ಜಾಗವನ್ನು ನಾವು ಕೊಟ್ಟಿಲ್ಲದಿರಬಹುದು.

ಆ ಜಾಗವೇ ಪಟ್ಟಿ. ಗೋಡೆಯ ಕ್ಯಾಲೆಂಡರ್, ಹಳೆಯ ನೋಟ್ ಬುಕ್ ಕೂಡ ಒಳ್ಳೆಯ ಪಟ್ಟಿಗಳೇ. ಮೊಬೈಲಿನ ಪಟ್ಟಿ ಅವಕ್ಕಿಂತ ಹೆಚ್ಚಾಗಿ ಮೂರು ಉಪಕಾರ ಮಾಡುತ್ತದೆ. ಸಮಯಕ್ಕೆ ಸರಿಯಾಗಿ ನೆನಪಿಸುತ್ತದೆ. ಪ್ರತಿ ತಿಂಗಳು ಬರುವ ಕೆಲಸವನ್ನು ಒಮ್ಮೆ ಬರೆದರೆ ತಾನಾಗಿ ಮತ್ತೆ ತಂದು ತೋರಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ಪಟ್ಟಿಯನ್ನು ಮನೆಯ ಎಲ್ಲರ ಫೋನಿನಲ್ಲೂ ತೆರೆಯಬಹುದು. ತಾಯಿಯ ತಲೆಯೊಳಗಿನ ಪಟ್ಟಿ ಇತರರಿಗೆ ಕಾಣುವುದಿಲ್ಲ, ಇದು ಕಾಣುತ್ತದೆ.

ಇಂಥ ಆ್ಯಪ್‌ಗಳು ಹಲವು. ಗೂಗಲ್ ಟಾಸ್ಕ್ಸ್ ಜಿಮೇಲ್ ಮತ್ತು ಗೂಗಲ್ ಕ್ಯಾಲೆಂಡರಿನ ಜೊತೆಗೇ ಸಿಗುತ್ತದೆ. ಒಬ್ಬರ ಸ್ವಂತ ಪಟ್ಟಿಗೆ ಅದು ಸಾಕು. ಮೈಕ್ರೋಸಾಫ್ಟ್ ಟು ಡು ಉಚಿತ; ಅದರ ಪಟ್ಟಿಯನ್ನು ಇತರರೊಂದಿಗೆ ಹಂಚಿಕೊಳ್ಳಬಹುದು, ಕೆಲಸದ ಮುಂದೆ ಮಾಡುವವರ ಹೆಸರನ್ನೂ ಹಾಕಬಹುದು. 2007ರಿಂದ ಇರುವ ಟುಡೂಯಿಸ್ಟ್‌ನಲ್ಲಿ ಕೆಲಸಗಳಿಗೆ ನಾಲ್ಕು ಹಂತದ ಆದ್ಯತೆ ಕೊಡುವ ವ್ಯವಸ್ಥೆ ಇದೆ. ಯಾವುದನ್ನಾದರೂ ಆರಿಸಿ, ಆದರೆ ಒಂದನ್ನೇ ಆರಿಸಿ. ಎರಡು ಪಟ್ಟಿ ಇದ್ದಲ್ಲಿ ಯಾವ ಪಟ್ಟಿಯನ್ನೂ ಯಾರೂ ನಂಬುವುದಿಲ್ಲ. ಇಂಗ್ಲಿಷ್ ಬಾರದ ಹಿರಿಯರೂ ಹಿಂಜರಿಯಬೇಕಿಲ್ಲ. ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಂಡು ಕನ್ನಡದಲ್ಲೇ ಬರೆಯಬಹುದು. ಗೂಗಲ್ ಕೀಲಿಮಣೆಯ ಮೈಕ್ ಗುರುತನ್ನು ಒತ್ತಿ ಬಾಯಲ್ಲಿ ಹೇಳಿದರೂ ಅಕ್ಷರ ಮೂಡುತ್ತದೆ.

ಶನಿವಾರ ಸಂಜೆಯ ಇಪ್ಪತ್ತು ನಿಮಿಷ

ನಮ್ಮ ವಾರ ಆರಂಭವಾಗುವುದು ಭಾನುವಾರದಿಂದ. ಆದ್ದರಿಂದ ಯೋಜನೆಗೆ ಶನಿವಾರ ಸಂಜೆಯೇ ತಕ್ಕ ಹೊತ್ತು. ಊಟಕ್ಕೆ ಮುಂಚೆ ಟಿ.ವಿ. ಆರಿಸಿ, ಎಲ್ಲರೂ ಇಪ್ಪತ್ತು ನಿಮಿಷ ಒಟ್ಟಿಗೆ ಕೂರಿ. ಆಮೇಲೆ ಹೀಗೆ ಮಾಡಿ:

1. ಸುರಿಯಿರಿ. ಮುಂದಿನ ವಾರ ಆಗಬೇಕಾದದ್ದನ್ನೆಲ್ಲ ಒಬ್ಬೊಬ್ಬರೂ ಹೇಳಲಿ, ಒಬ್ಬರು ಪಟ್ಟಿಗೆ ಸೇರಿಸಲಿ. ದೊಡ್ಡದು, ಚಿಕ್ಕದು ಎಂದು ಈಗಲೇ ವಾದ ಬೇಡ.

2. ಬೇರ್ಪಡಿಸಿರಿ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರಲ್ಲಿ ಕ್ರೈಸ್ತ ಸಭೆಗಳ ವಿಶ್ವ ಮಂಡಳಿಯ ಸಮಾವೇಶದಲ್ಲಿ ಮಾತನಾಡುತ್ತ, ಹಿಂದೆ ಕಾಲೇಜೊಂದರ ಮುಖ್ಯಸ್ಥರಾಗಿದ್ದವರೊಬ್ಬರ ಮಾತನ್ನು ನೆನಪಿಸಿದರು. ತುರ್ತಿನದು ಬೇರೆ, ಮುಖ್ಯವಾದದ್ದು ಬೇರೆ ಎಂಬುದು ಅದರ ತಿರುಳು. ಮೊಬೈಲ್ ರೀಚಾರ್ಜ್ ತುರ್ತು. ಮಗಳು ಒಂದು ತಿಂಗಳಿಂದ ಏಕೆ ಮಂಕಾಗಿದ್ದಾಳೆಂದು ಅವಳೊಡನೆ ಕೂತು ಕೇಳುವುದು ಮುಖ್ಯ. ತುರ್ತಿನದು ತಾನಾಗಿ ಕೂಗುತ್ತದೆ. ಮುಖ್ಯವಾದದ್ದು ಕೂಗುವುದಿಲ್ಲ. ಆದ್ದರಿಂದ ಅದಕ್ಕೆ ಮೊದಲು ದಿನ, ಗಂಟೆ ಗೊತ್ತುಮಾಡಿ.

3. ದಿನಾಂಕವನ್ನು ಮಿತವಾಗಿ ಹಾಕಿರಿ. ನಿಜವಾಗಿ ಕಡೆಯ ದಿನ ಇರುವ ಕೆಲಸಕ್ಕೆ ಮಾತ್ರ ದಿನಾಂಕ ಕೊಡಿ. ಎಲ್ಲದಕ್ಕೂ 'ನಾಳೆ' ಎಂದು ಹಾಕಿದರೆ ಮರುದಿನ ಪಟ್ಟಿಯೆಲ್ಲ ಕೆಂಪಾಗಿ ಹೆದರಿಸುತ್ತದೆ. ಆಮೇಲೆ ಅದನ್ನು ತೆರೆಯಲು ಯಾರಿಗೂ ಮನಸ್ಸಾಗುವುದಿಲ್ಲ.

4. ದಿನಕ್ಕೆ ಒಬ್ಬೊಬ್ಬರಿಗೆ ಮೂರು ಸಾಕು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದು ಹಣಕ್ಕೆ ಮಾತ್ರವಲ್ಲ, ಹೊತ್ತಿಗೂ ಸಲ್ಲುವ ಮಾತು. ನಮ್ಮ ಅಂದಾಜು ಯಾವಾಗಲೂ ಕಡಿಮೆಯೇ. ಕೆನಡಾದಲ್ಲಿ ವಿದ್ಯಾರ್ಥಿಗಳನ್ನು, 'ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು?' ಎಂದು ಕೇಳಿದಾಗ ಅವರು ಸರಾಸರಿ ಸುಮಾರು 34 ದಿನ ಎಂದಿದ್ದರು. ಮುಗಿಯಲು ಹಿಡಿದದ್ದು ಸುಮಾರು 55 ದಿನ ಎಂದು 1994ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳುವುದು ಸೋಮಾರಿತನವಲ್ಲ, ವಿವೇಕ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ನೋಡುತ್ತಾನೆಂದು ಯೇಸುಸ್ವಾಮಿ ಹೇಳಿದ ಸಾಮತಿಯನ್ನು (ಲೂಕ 14) ಇಲ್ಲಿ ನೆನೆಯಬಹುದು.

5. ಹೆಸರು ಹಾಕಿರಿ. ಹೆಸರಿಲ್ಲದ ಕೆಲಸ ಕೊನೆಗೆ ಬಂದು ಬೀಳುವುದು ತಾಯಿಯ ಮೇಲೆಯೇ. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರಿರಲಿ.

6. ಹಿಂದಿನ ವಾರವನ್ನು ನೋಡಿರಿ. ಆದದ್ದಕ್ಕೆ ಒಂದು ಮೆಚ್ಚುಗೆಯ ಮಾತು. ಆಗದೆ ಉಳಿದದ್ದಕ್ಕೆ ಮೂರೇ ದಾರಿ: ಹೊಸ ದಿನ ಕೊಡುವುದು, ಬೇರೆಯವರಿಗೆ ಒಪ್ಪಿಸುವುದು, ಇಲ್ಲವೇ ಬಿಟ್ಟುಬಿಡುವುದು. ಮೂರು ವಾರದಿಂದ ಮುಂದೂಡುತ್ತಲೇ ಬಂದ ಕೆಲಸವನ್ನು, 'ಇದು ನಿಜವಾಗಿಯೂ ಬೇಕೆ?' ಎಂದು ಕೇಳಿ.

ಒಂದು ಉದಾಹರಣೆ

ಹೆಚ್ಚಿನ ಪಟ್ಟಿಗಳು ಸೋಲುವುದು ಬರೆಯುವ ರೀತಿಯಿಂದ. 'ತಾತನ ಶುಗರ್' ಎಂದು ಬರೆದಿಟ್ಟರೆ ಅದು ಕೆಲಸವಲ್ಲ, ಚಿಂತೆ. ಪ್ರತಿದಿನ ಅದು ಕಣ್ಣಿಗೆ ಬೀಳುತ್ತದೆ, ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಿಲ್ಲ. ಅದನ್ನೇ ಬಿಡಿಸಿ ಬರೆಯೋಣ:

ಗುರುವಾರ ರಾತ್ರಿ: ಹಳೆಯ ಚೀಟಿ, ರಿಪೋರ್ಟುಗಳನ್ನು ಒಂದು ಫೈಲಿಗೆ ಹಾಕುವುದು. ಮಗಳು.

ಶುಕ್ರವಾರ ಬೆಳಿಗ್ಗೆ 7: ತಾತನನ್ನು ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಕರೆದೊಯ್ಯುವುದು, ತಿಂಡಿ ಡಬ್ಬಿ ಜೊತೆಯಲ್ಲಿರಲಿ. ತಂದೆ.

ಶುಕ್ರವಾರ ಸಂಜೆ: ಟ್ಯೂಷನ್ನಿನಿಂದ ಬರುವಾಗ ರಿಪೋರ್ಟು ತರುವುದು. ಮಗ.

ಶನಿವಾರ ಬೆಳಿಗ್ಗೆ: ವೈದ್ಯರ ಭೇಟಿ; ಕೇಳಬೇಕಾದ ಪ್ರಶ್ನೆಗಳು ಎರಡು: ಕಾಲು ಜುಮ್ಮೆನ್ನುವುದು ಏಕೆ, ರಾತ್ರಿಯ ಮಾತ್ರೆ ಊಟಕ್ಕೆ ಮೊದಲೋ ನಂತರವೋ. ತಂದೆ.

ಮಾತ್ರೆ ತಂದ ದಿನ: 30 ದಿನದ ಮಾತ್ರೆಯಾದರೆ 25ನೆಯ ದಿನಕ್ಕೆ 'ಮತ್ತೆ ತರುವುದು' ಎಂದು ಜ್ಞಾಪನೆ ಹಾಕುವುದು. ಮಗಳು.

ಒಂದು ಚಿಂತೆ ಐದು ಕೆಲಸವಾಯಿತು, ಮೂವರ ಪಾಲಾಯಿತು. ತಾಯಿಯ ಹೆಸರು ಇದರಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿದಿರಾ? ಆಕೆಗೆ ತಾತನ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಆ ಪ್ರೀತಿಯಲ್ಲಿ ಇತರರಿಗೂ ಪಾಲು ಸಿಕ್ಕಿದೆ. ತನ್ನ ರಕ್ತದ ರಿಪೋರ್ಟನ್ನು ಮೊಮ್ಮಗ ಓಡಿಹೋಗಿ ತಂದನೆಂಬ ಸಂತೋಷ ತಾತನಿಗೂ ಸಿಕ್ಕಿದೆ. ಇಂಥ ಸಣ್ಣ ಕೆಲಸಗಳಿಂದಲೇ ಮಕ್ಕಳು ಸೇವೆಯನ್ನು ಕಲಿಯುವುದು.

ಕೆಲಸ ಬರೆಯುವಾಗ ಕ್ರಿಯೆಯನ್ನೇ ಬರೆಯಿರಿ: ತರುವುದು, ಕಟ್ಟುವುದು, ಫೋನ್ ಮಾಡುವುದು. 'ಸಮಯ ಸಿಕ್ಕಾಗ' ಎನ್ನುವ ಬದಲು, 'ಬೆಳಗಿನ ಕಾಫಿ ಆದಮೇಲೆ', 'ಬಸ್ ಇಳಿದ ಕೂಡಲೇ' ಎಂದು ದಿನವೂ ನಡೆಯುವ ಯಾವುದಾದರೂ ಒಂದಕ್ಕೆ ಗಂಟು ಹಾಕಿ.

ಇತ್ರೋ ಕೊಟ್ಟ ಬುದ್ಧಿವಾದ

ವಿಮೋಚನಾಕಾಂಡದ 18ನೆಯ ಅಧ್ಯಾಯದಲ್ಲಿ ಒಬ್ಬ ಮಾವ ಅಳಿಯನ ಮನೆಗೆ ಬರುತ್ತಾನೆ. ಅಳಿಯ ಮೋಶೆ, ಮಾವ ಇತ್ರೋ. ಬೆಳಿಗ್ಗೆಯಿಂದ ಸಂಜೆಯವರೆಗೆ ಜನ ನಿಂತೇ ಇರುತ್ತಾರೆ, ಮೋಶೆ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ತೀರಿಸುತ್ತಾನೆ. ಮಾವ ಇದನ್ನು ನೋಡಿ ಅಳಿಯನ ಶ್ರಮವನ್ನು ಹೊಗಳಲಿಲ್ಲ. ಹೀಗೆ ಮಾಡಿದರೆ ನೀನೂ ಸೋತುಹೋಗುವೆ, ಜನರೂ ಸೋತುಹೋಗುವರು ಎಂದು ಎಚ್ಚರಿಸಿದ. ಸಾವಿರ, ನೂರು, ಐವತ್ತು, ಹತ್ತು ಮಂದಿಗೊಬ್ಬರಂತೆ ನಾಯಕರನ್ನು ನೇಮಿಸು, ಸಣ್ಣ ವಿಷಯ ಅವರು ನೋಡಲಿ, ಕಠಿಣವಾದದ್ದು ಮಾತ್ರ ನಿನ್ನ ಬಳಿಗೆ ಬರಲಿ ಎಂದ. ಮೋಶೆ ಆ ಮಾತನ್ನು ಕೇಳಿದ.

ಇಲ್ಲಿ ಇಬ್ಬರಿಗೂ ಪಾಠವಿದೆ. ಎಲ್ಲವನ್ನೂ ಹೊತ್ತಿರುವವರು, 'ನಾನು ಮಾಡಿದರೇ ಸರಿ' ಎಂಬ ಹಟವನ್ನು ಸ್ವಲ್ಪ ಬಿಡಬೇಕು. ಮಗ ತಂದ ಸೊಪ್ಪು ಸ್ವಲ್ಪ ಬಾಡಿದ್ದರೆ ಬಾಡಿರಲಿ. ಮುಂದಿನ ವಾರ ನೋಡಿ ತರುತ್ತಾನೆ. ಹೊರೆ ಇಲ್ಲದವರು, 'ಹೇಳಿದರೆ ಮಾಡುತ್ತಿದ್ದೆ' ಎಂಬ ಮಾತನ್ನು ಬಿಡಬೇಕು. ಪಟ್ಟಿ ನಿಮ್ಮ ಫೋನಿನಲ್ಲೂ ಇದೆಯಲ್ಲವೇ? ಹೇಳಿಸಿಕೊಳ್ಳದೆ ನೋಡಿ ಮಾಡುವುದೇ ನಿಜವಾದ ನೆರವು. ಮಾಡಬೇಕೆಂದು ಪ್ರತಿ ಸಲವೂ ನೆನಪಿಸುವ ಕೆಲಸ ತಾಯಿಗೇ ಉಳಿದರೆ, ಹೊರೆ ಇಳಿದಂತಲ್ಲ.

ಕೆಲವು ಎಚ್ಚರಿಕೆಗಳು

ಆ್ಯಪ್ ಶಾಶ್ವತವಲ್ಲ. ವಂಡರ್‌ಲಿಸ್ಟ್ ಎಂಬ ಜನಪ್ರಿಯ ಪಟ್ಟಿಯನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಬಳಸುತ್ತಿದ್ದವರು ತಮ್ಮ ಪಟ್ಟಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಆದ್ದರಿಂದ ವಿಮೆಯ ಕಂತು, ಪರೀಕ್ಷೆಯ ಶುಲ್ಕ, ಆಸ್ಪತ್ರೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಮಾಡಿ. ಫೋನ್ ಬಳಸದ ಅಜ್ಜಿಗೂ ಅದು ಕಾಣುತ್ತದೆ.

ಬ್ಯಾಂಕಿನ ಪಾಸ್‌ವರ್ಡ್, ಎ.ಟಿ.ಎಂ. ಗುಪ್ತ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಹಂಚಿಕೊಂಡ ಪಟ್ಟಿಯಲ್ಲಿ ಬರೆಯಲೇಬೇಡಿ.

ಪಟ್ಟಿ ಪೊಲೀಸನಾಗಬಾರದು. ಆಗದ ಕೆಲಸವನ್ನು ತೋರಿಸಿ ಮಕ್ಕಳನ್ನಾಗಲಿ ಗಂಡನನ್ನಾಗಲಿ ಹಂಗಿಸಲು ಆರಂಭಿಸಿದರೆ, ಎರಡೇ ವಾರದಲ್ಲಿ ಯಾರೂ ಅದನ್ನು ತೆರೆಯರು.

ಪಟ್ಟಿ ನೋಡಲೆಂದು ಫೋನ್ ಎತ್ತಿದವರು ಅರ್ಧ ಗಂಟೆ ವೀಡಿಯೋ ನೋಡುತ್ತ ಕೂರುವುದೂ ಉಂಟು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಟ್ಟಿ ನೋಡಿದರೆ ಸಾಕು.

ಕೆಲಸವಲ್ಲದ ದಿನ

ಕಡೆಯದಾಗಿ ಭಾನುವಾರದ ಮಾತು. ವಾರ ಪೂರ್ತಿ ಉಳಿದದ್ದನ್ನೆಲ್ಲ ಭಾನುವಾರಕ್ಕೆ ತಳ್ಳುವುದು ನಮ್ಮ ರೂಢಿ. ಬಟ್ಟೆ ಒಗೆಯುವುದು, ಇಸ್ತ್ರಿ, ಗಾಡಿ ತೊಳೆಯುವುದು, ತಿಂಗಳ ದಿನಸಿ ಎಲ್ಲವೂ ಅಂದೇ. ಮನೆಮಂದಿಗೆಲ್ಲ ಅದು ರಜೆ. ಅಡುಗೆಮನೆಯಲ್ಲಿರುವವರಿಗೆ ಮಾತ್ರ ವಾರದ ಅತಿ ದೀರ್ಘ ದಿನ. ಪೋಪ್ ಎರಡನೆಯ ಜಾನ್ ಪಾಲ್‌ರವರು 1998ರಲ್ಲಿ ಭಾನುವಾರವನ್ನು ಕುರಿತೇ ಒಂದು ಪ್ರೇಷಿತ ಪತ್ರವನ್ನು ಬರೆದು, ಅದು ಪ್ರಭುವಿನ ದಿನವೂ ವಿಶ್ರಾಂತಿಯ ದಿನವೂ ಆಗಿರಬೇಕೆಂದು ನೆನಪಿಸಿದರು. ವಿಶ್ರಾಂತಿ ಮನೆಯ ಕೆಲವರಿಗೆ ಮಾತ್ರ ಸಿಕ್ಕರೆ ಆ ದಿನವನ್ನು ಕುಟುಂಬ ಆಚರಿಸಿದಂತಾಗಲಿಲ್ಲ.

ಆದ್ದರಿಂದ ಶನಿವಾರ ಸಂಜೆ ಪಟ್ಟಿ ಮಾಡುವಾಗ ಭಾನುವಾರದ ಜಾಗವನ್ನು ಬೇಕೆಂದೇ ಖಾಲಿ ಬಿಡಿ. ಒಗೆಯುವುದನ್ನು ಬುಧವಾರ ಮತ್ತು ಶನಿವಾರಕ್ಕೆ ಹಂಚಿ. ದಿನಸಿಯ ಚೀಟಿ ಶುಕ್ರವಾರವೇ ಅಂಗಡಿಗೆ ಹೋಗಲಿ. ಭಾನುವಾರದ ಮಧ್ಯಾಹ್ನದ ಅಡುಗೆಗೆ ಎಲ್ಲರ ಹೆಸರೂ ಇರಲಿ: ಈರುಳ್ಳಿ ಹೆಚ್ಚುವವರೊಬ್ಬರು, ಪಾತ್ರೆ ತೊಳೆಯುವವರೊಬ್ಬರು. ಆಗ ಊಟವಾದ ಮೇಲೆ ತಾಯಿಗೂ ಕೂರಲು ಹೊತ್ತು ಸಿಗುತ್ತದೆ. ಆ ಹೊತ್ತಿನಲ್ಲಿ ಆಕೆ ಏನು ಮಾಡಬೇಕೆಂದು ಯಾವ ಪಟ್ಟಿಯಲ್ಲೂ ಬರೆಯಬೇಡಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕೆಲಸಗಳನ್ನೆಲ್ಲ ನೆನಪಿಟ್ಟುಕೊಳ್ಳುವವರು ಯಾರು? ಅವರಿಗೆ ವಾರದಲ್ಲಿ ಸ್ವಂತಕ್ಕೆ ಎಷ್ಟು ಹೊತ್ತು ಸಿಗುತ್ತದೆ?

2. ಪ್ರತಿ ವಾರ, ಪ್ರತಿ ತಿಂಗಳು ಬರುವ ಹತ್ತು ಕೆಲಸಗಳನ್ನು ಬರೆಯಿರಿ. ಒಂದೊಂದರ ಮುಂದೆ ಈಗ ಯಾರ ಹೆಸರಿದೆ? ಯಾವುದನ್ನು ಬದಲಿಸಬಹುದು?

3. ತುರ್ತಲ್ಲವೆಂಬ ಕಾರಣಕ್ಕೆ ನಾವು ತಿಂಗಳುಗಟ್ಟಲೆ ಮುಂದೂಡಿದ ಒಂದು ಮುಖ್ಯ ಕೆಲಸ ಯಾವುದು? ಅದಕ್ಕೆ ಈ ವಾರ ಯಾವ ದಿನ, ಯಾವ ಗಂಟೆ?